ತುದಿಯ ಕಾಲಾಳು

ಕರಿಯ ಕಾಯಿಗಳ ಹಿಂದೆ ಕೂತವನ ಬಲತುದಿಗೆ ಒಂದು ಕಾಲಾಳು ಇರುತ್ತದೆ. ಆನೆಯ ಮುಂದೆ, ಹಲಗೆಯ ಅಂಚಿಗೆ ಒತ್ತಿಕೊಂಡು ನಿಂತದ್ದು. ನಡುವಿನ ಕಾಲಾಳುಗಳಿಗೆ ಎಡಕ್ಕೂ ಬಲಕ್ಕೂ ಹೊಡೆಯುವ ದಾರಿಯಿದ್ದರೆ ಇದಕ್ಕೆ ಒಂದೇ ಕಡೆ; ಇನ್ನೊಂದು ಕಡೆ ಹಲಗೆಯೇ ಮುಗಿದಿರುತ್ತದೆ. ಚೆಸ್ ಕಲಿಸುವ ಯಾರೂ ಆಟವನ್ನು ಇದರಿಂದ ಶುರು ಮಾಡು ಅನ್ನುವುದಿಲ್ಲ. ನಡುವಿನದನ್ನು ಬಿಡು, ಕುದುರೆ ಒಂಟೆಗಳನ್ನು ಹೊರಗೆ ತಾ, ರಾಜನನ್ನು ಬೇಗ ಮೂಲೆ ಸೇರಿಸು: ಎಲ್ಲರಿಗೂ ಮೊದಲ ಪಾಠ ಇಷ್ಟೇ.

1980ರ ಜನವರಿ. ಸ್ವೀಡನ್ ದೇಶದ ಸ್ಕಾರಾ. ವೇನರ್ನ್, ವೆಟರ್ನ್ ಎಂಬ ಎರಡು ದೊಡ್ಡ ಸರೋವರಗಳ ನಡುವಿನ ಸೀಮೆಯಲ್ಲಿರುವ ಸಣ್ಣ ಊರು. ಅವಳಿ ಗೋಪುರದ ಹಳೆಯ ಕೆಥೆಡ್ರಲ್ಲೇ ಅದರ ಗುರುತು. ಅಷ್ಟು ಉತ್ತರದಲ್ಲಿ ಜನವರಿಯ ಹಗಲು ನಮ್ಮ ಕಡೆಯ ಆಷಾಢದ ಸಂಜೆಯ ಹಾಗೆ. ನಾಲ್ಕು ಗಂಟೆ ಬಡಿಯುವ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ. ಯುರೋಪಿನ ರಾಷ್ಟ್ರೀಯ ತಂಡಗಳ ಚಾಂಪಿಯನ್‌ಷಿಪ್ ಆ ವರ್ಷ ಅಲ್ಲಿ ನಡೆಯಿತು. ಸೋವಿಯತ್ ಒಕ್ಕೂಟದ ತಂಡಕ್ಕೂ ಇಂಗ್ಲೆಂಡ್ ತಂಡಕ್ಕೂ ಪಂದ್ಯ. ಮೊದಲ ಹಲಗೆಯಲ್ಲಿ ಬಿಳಿಯ ಕಾಯಿಗಳ ಹಿಂದೆ ಅನತೊಲಿ ಕಾರ್ಪೋವ್, 28 ವರ್ಷ, 1975ರಿಂದ ವಿಶ್ವ ಚಾಂಪಿಯನ್. ಎದುರಿಗೆ ಆಂಟನಿ ಜಾನ್ ಮೈಲ್ಸ್, 24 ವರ್ಷ. ಎಲ್ಲರ ಬಾಯಲ್ಲೂ ಟೋನಿ.

ಕಾರ್ಪೋವ್ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದಕ್ಕೆ ಇಟ್ಟ. ಇ4. ಕೋಟಿ ಸಲ ಆಡಿದ ನಡೆ. ಅದಕ್ಕೆ ಉತ್ತರವಾಗಿ ಸಿಸಿಲಿಯನ್ ಇದೆ, ಫ್ರೆಂಚ್ ಇದೆ, ಇ5 ಇದೆ. ಮೈಲ್ಸ್ ಕೈ ಚಾಚಿದ್ದು ಬಲತುದಿಗೆ. ಆ ಅಂಚಿನ ಕಾಲಾಳನ್ನು ಎತ್ತಿ ಒಂದೇ ಒಂದು ಮನೆ ಮುಂದಿಟ್ಟ. ಎ6.

ಕಾರ್ಪೋವ್ ಇನ್ನೊಂದು ನಡುಗಾಲಾಳನ್ನೂ ಮುಂದಿಟ್ಟ, ಡಿ4. ಮೈಲ್ಸ್ ಅಂಚಿನ ಪಕ್ಕದ ಕಾಲಾಳನ್ನು ಎರಡು ಮನೆ ತಳ್ಳಿದ, ಬಿ5. ಸಭಾಂಗಣದಲ್ಲಿ ನಗು ಎದ್ದಿತು. ಮೈಲ್ಸ್ ಮುಂದೆ ಈ ಆಟದ ಬಗ್ಗೆ ಬರೆಯುವಾಗ ಆ ನಗುವನ್ನು ನೆನಪಿಸಿಕೊಂಡಿದ್ದಾನೆ. ಆ ಹೊತ್ತಿಗೆ ಅದು ಮುಜುಗರ ತರುವಷ್ಟು ಜೋರಾಗಿತ್ತು. ವಿಶ್ವ ಚಾಂಪಿಯನ್ನನ ಎದುರು, ದೇಶದ ತಂಡಕ್ಕಾಗಿ ಆಡುವಾಗ, ಇವತ್ತಷ್ಟೇ ಕಾಯಿ ಹಿಡಿಯಲು ಕಲಿತ ಹುಡುಗನ ಹಾಗೆ ಆಡುತ್ತಿದ್ದಾನಲ್ಲ ಎಂದು ಜನ ನಕ್ಕಿರಬೇಕು. ಇವನು ಕಾರ್ಪೋವನನ್ನು ಅವಮಾನಿಸುತ್ತಿದ್ದಾನೆ ಅಂದುಕೊಂಡವರೂ ಇದ್ದರು.

ಆ ಆಟವನ್ನು ನಾನು ಎಷ್ಟು ಸಲ ಮನೆಯ ಹಲಗೆಯ ಮೇಲೆ ಆಡಿ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಎರಡನೆಯ ನಡೆ ಇಟ್ಟಮೇಲೆ ಕಣ್ಣು ಅಲ್ಲೇ ನಿಲ್ಲುತ್ತದೆ. ಬಿಳಿಯ ಎರಡು ಕಾಲಾಳು ಹಲಗೆಯ ಎದೆಯ ಮೇಲೆ, ಜೋಡಿ ಎತ್ತಿನ ಹಾಗೆ. ಕರಿಯ ಎರಡು ಕಾಲಾಳು ಅತ್ತ ಅಂಚಿನಲ್ಲಿ, ಬೇಲಿ ಹಾರಿದ ಮಕ್ಕಳ ಹಾಗೆ. ನೋಡಿದರೆ ನಗು ಬರುವಂಥದೇ. ಆದರೆ ನನಗೆ ಮನೆಯಲ್ಲಿ ಮೊದಲು ಕಲಿಸಿದ್ದು ನಮ್ಮ ಹಳೆಯ ಚದುರಂಗ. ಅದರಲ್ಲಿ ಯಾವ ಕಾಲಾಳೂ ಮೊದಲ ಹೆಜ್ಜೆಗೆ ಎರಡು ಮನೆ ಹಾರುವಂತಿಲ್ಲ. ರಾಜನ ಮುಂದಿನದಾದರೂ ಅಷ್ಟೇ, ಅಂಚಿನದಾದರೂ ಅಷ್ಟೇ, ಒಂದೊಂದೇ ಮನೆ. ಆಟ ಕಾವೇರಲು ಹೊತ್ತು ಹಿಡಿಯುತ್ತಿತ್ತು. ಎದುರು ಕೂತ ಹಿರಿಯರು ಅಂಚಿನ ಕಾಲಾಳನ್ನು ಒಂದು ಮನೆ ಸರಿಸಿ, ಎಲೆಯಡಿಕೆ ಹಾಕಿಕೊಂಡು, ನಮ್ಮ ಮುಖ ನೋಡುತ್ತಿದ್ದರು. ಅವರು ಸ್ಕಾರಾದಲ್ಲಿ ಇದ್ದಿದ್ದರೆ ನಗುತ್ತಿರಲಿಲ್ಲ ಅನ್ನಿಸುತ್ತದೆ.

ಟೋನಿ ಮೈಲ್ಸ್ ಹುಟ್ಟಿದ್ದು 1955ರ ಏಪ್ರಿಲ್ 23ರಂದು, ಬರ್ಮಿಂಗ್‌ಹ್ಯಾಮ್ ನಗರದ ಎಜ್‌ಬಾಸ್ಟನ್‌ನಲ್ಲಿ. ಕ್ರಿಕೆಟ್ ಮೈದಾನದಿಂದಾಗಿ ನಮ್ಮವರಿಗೂ ಪರಿಚಯದ ಹೆಸರು ಅದು. ಏಪ್ರಿಲ್ 23 ಇಂಗ್ಲೆಂಡಿನ ಪಾಲಕ ಸಂತ ಜಾರ್ಜನ ದಿನ, ಕುದುರೆಯೇರಿ ಈಟಿಯಿಂದ ಡ್ರ್ಯಾಗನ್ನನ್ನು ತಿವಿದು ಕೊಂದನೆಂಬ ಆ ಸಂತನ ದಿನ. ಎ6 ನಡೆಯಿಂದ ಶುರುವಾಗುವ ಈ ರಕ್ಷಣೆಗೆ ಚೆಸ್ ಲೋಕ ಇಟ್ಟುಕೊಂಡಿರುವ ಹೆಸರು ಸೇಂಟ್ ಜಾರ್ಜ್ ಡಿಫೆನ್ಸ್. ಕೆಲವರು ಬರ್ಮಿಂಗ್‌ಹ್ಯಾಮ್ ಡಿಫೆನ್ಸ್ ಎಂದೂ ಕರೆಯುತ್ತಾರೆ. ಎರಡು ಹೆಸರಲ್ಲಿ ಯಾವುದನ್ನು ಹಿಡಿದರೂ ಅದು ಮೈಲ್ಸನ ತೊಟ್ಟಿಲಿಗೇ ಬಂದು ಮುಟ್ಟುತ್ತದೆ. ಇದನ್ನು ಮೊದಲು ಆಡಿದವನು ಮೈಲ್ಸ್ ಅಲ್ಲ. 1868ರಲ್ಲಿ ಲಂಡನ್ನಿನಲ್ಲಿ ವಿಲ್ಹೆಲ್ಮ್ ಸ್ಟೈನಿಟ್ಸ್ ಒಬ್ಬನೇ ಹಲವರೊಡನೆ ಒಟ್ಟಿಗೆ ಆಡಿದಾಗ, ಬೇಕರ್ ಎಂಬ ಹವ್ಯಾಸಿ ಆಟಗಾರ ಇದೇ ಎ6 ಇಟ್ಟು ಅವನನ್ನು ಸೋಲಿಸಿದ್ದ. ಸ್ಟೈನಿಟ್ಸ್ ಮುಂದೆ ಮೊದಲ ಅಧಿಕೃತ ವಿಶ್ವ ಚಾಂಪಿಯನ್ ಆದ. ಬೇಕರನ ನಡೆ ನೂರು ವರ್ಷಕ್ಕೂ ಮಿಕ್ಕಿ ಪುಸ್ತಕಗಳ ಅಡಿಟಿಪ್ಪಣಿಯಲ್ಲಿ ಬಿದ್ದಿತ್ತು.

ಮೈಲ್ಸ್ ಬೆಳೆದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳೇ ಇರಲಿಲ್ಲ ಎಂದರೆ ಈಗಿನವರಿಗೆ ನಂಬಿಕೆ ಬರಲಿಕ್ಕಿಲ್ಲ. ಜರ್ಮನಿಯಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ವಲಸೆ ಬಂದು ಬ್ರಿಟಿಷ್ ಪ್ರಜೆಯಾದ ಜಾಕ್ ಮೀಸಸ್ ಎಂಬ ವೃದ್ಧನಿಗೆ ಆ ಬಿರುದು ಸಿಕ್ಕಿತ್ತು. ಅಂಚೆಯ ಮೂಲಕ ಆಡುವ ಚೆಸ್‌ನಲ್ಲಿ ಒಬ್ಬನಿಗೆ ಸಿಕ್ಕಿತ್ತು. ಆ ನೆಲದಲ್ಲೇ ಹುಟ್ಟಿ, ಎದುರುಬದುರು ಕೂತು ಆಡಿ ಗ್ರ್ಯಾಂಡ್‌ಮಾಸ್ಟರ್ ಆದವರು ಒಬ್ಬರೂ ಇರಲಿಲ್ಲ. 1972ರಲ್ಲಿ ರೇಕ್ಯವಿಕ್‌ನಲ್ಲಿ ಫಿಷರ್ ಮತ್ತು ಸ್ಪಾಸ್ಕಿ ನಡುವಿನ ವಿಶ್ವ ಚಾಂಪಿಯನ್‌ಷಿಪ್ ಪಂದ್ಯ ತೂಗುಯ್ಯಾಲೆಯಲ್ಲಿದ್ದಾಗ ಬಹುಮಾನದ ಹಣವನ್ನು ಇಮ್ಮಡಿ ಮಾಡಿದ ಲಂಡನ್ನಿನ ಹಣಕಾಸುಗಾರ ಜಿಮ್ ಸ್ಲೇಟರ್, ತನ್ನ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್‌ಗೆ 5,000 ಪೌಂಡ್ ಕೊಡುತ್ತೇನೆಂದು ಸಾರಿದ. ಮೈಲ್ಸ್ ಆಗ ಶಾಲಾ ಹುಡುಗ. 1974ರಲ್ಲಿ ಮನಿಲಾದಲ್ಲಿ ವಿಶ್ವ ಜೂನಿಯರ್ ಚಾಂಪಿಯನ್ ಆದ. ಶೆಫೀಲ್ಡ್ ವಿಶ್ವವಿದ್ಯಾಲಯದ ಓದನ್ನು ಅರ್ಧಕ್ಕೆ ಬಿಟ್ಟ. ಅದೇ ವಿಶ್ವವಿದ್ಯಾಲಯ ಮುಂದೆ ಕರೆದು ಗೌರವ ಪದವಿ ಕೊಟ್ಟಿತು. 1976ರ ಆರಂಭದಲ್ಲಿ ಸೋವಿಯತ್ ನೆಲದ ದುಬ್ನಾದಲ್ಲಿ ಆಡಿ ಬೇಕಾದ ಅಂಕ ಗಳಿಸಿದ. ಐದು ಸಾವಿರ ಪೌಂಡ್ ಅವನ ಕೈಸೇರಿತು. ವಯಸ್ಸು ಇನ್ನೂ 21 ತುಂಬಿರಲಿಲ್ಲ.

ಒಂದು ವ್ಯತ್ಯಾಸವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಕಾರ್ಪೋವನ ಹಿಂದೆ ಒಂದು ದೊಡ್ಡ ಮಠವಿತ್ತು. ಸೋವಿಯತ್ ಚೆಸ್ ಎಂದರೆ ತರಬೇತುದಾರರು, ಶಾಲೆಗಳು, ಸರ್ಕಾರದ ಸಂಬಳ, ಪ್ರತಿ ಆರಂಭವನ್ನೂ ಇಪ್ಪತ್ತು ಇಪ್ಪತ್ತೈದು ನಡೆಯವರೆಗೆ ಅಗೆದು ನೋಡಿ ಟಿಪ್ಪಣಿ ಮಾಡಿಕೊಂಡ ಪಂಡಿತರ ಸಾಲು. ಅವರ ಎದುರು ಕೂತು ಪುಸ್ತಕದ ನಡೆ ಆಡುವುದೆಂದರೆ ಒಬ್ಬ ಆಟಗಾರನ ಎದುರಲ್ಲ, ಇಡೀ ಗ್ರಂಥಾಲಯದ ಎದುರು ಕೂತಂತೆ. ಮೈಲ್ಸನ ಹಿಂದೆ ಇದ್ದದ್ದು ವಾರಾಂತ್ಯದ ಪಂದ್ಯಾವಳಿಗಳು. ಇಂಗ್ಲೆಂಡಿನ ಊರೂರುಗಳಲ್ಲಿ ಶುಕ್ರವಾರ ರಾತ್ರಿ ಶುರುವಾಗಿ ಭಾನುವಾರ ಸಂಜೆ ಮುಗಿಯುವಂಥವು. ಎರಡೂವರೆ ದಿನದಲ್ಲಿ ಐದಾರು ಆಟ, ರೈಲಿನಲ್ಲಿ ನಿದ್ದೆ, ಬಹುಮಾನದ ಚೆಕ್ಕೇ ಬಾಡಿಗೆ. ಅಲ್ಲಿ ಗೆಲ್ಲಬೇಕಾದರೆ ಎದುರಾಳಿಗೆ ಗೊತ್ತಿಲ್ಲದ ಜಾಗಕ್ಕೆ ಅವನನ್ನು ಬೇಗ ಕರೆದೊಯ್ಯಬೇಕು. ಡ್ರಾ ಸಾಕಾಗುವುದಿಲ್ಲ. ಅವನ ಆರಂಭಗಳ ಬೇರು ಈ ದುಡಿಮೆಯಲ್ಲಿದೆ ಎಂದೇ ನಾನು ತಿಳಿದಿದ್ದೇನೆ.

ಹದಿಹರೆಯದಲ್ಲಿ ಅವನ ಆಯುಧ ಸಿಸಿಲಿಯನ್ ಡ್ರ್ಯಾಗನ್. ಕರಿಯ ಒಂಟೆ ಜಿ7ರಲ್ಲಿ ಕೂತು ಉದ್ದ ಓರೆಗೆರೆಯ ಮೇಲೆ ಬೆಂಕಿ ಉಗುಳುತ್ತದೆ. ಬಿಳಿಯವನು ಎಚ್ ಸಾಲಿನಲ್ಲಿ ಕಾಲಾಳು ಓಡಿಸಿ ರಾಜನ ಮೇಲೆ ಏರಿಬರುತ್ತಾನೆ. ಯಾರು ಒಂದು ನಡೆ ತಡ ಮಾಡಿದರೋ ಅವರು ಸತ್ತರು. ಎಪ್ಪತ್ತರ ದಶಕದ ಇಂಗ್ಲಿಷ್ ಹುಡುಗರಿಗೆ ಇದೇ ಹುಚ್ಚು. ಆದರೆ ಕಾರ್ಪೋವ್ ಡ್ರ್ಯಾಗನ್ ಬೇಟೆಗೆ ಹೆಸರಾದವನು. 1974ರಲ್ಲಿ ಕೊರ್ಚ್‌ನಾಯ್ ವಿರುದ್ಧ ಅದನ್ನು ಅವನು ಕಡಿದುಹಾಕಿದ ಆಟ ಎಲ್ಲ ಪುಸ್ತಕಗಳಲ್ಲೂ ಇದೆ. ಸಂತ ಜಾರ್ಜನ ದಿನ ಹುಟ್ಟಿದ ಹುಡುಗ ಡ್ರ್ಯಾಗನ್ನಿನಿಂದ ಶುರು ಮಾಡಿ ಕೊನೆಗೆ ಸೇಂಟ್ ಜಾರ್ಜ್‌ಗೆ ಬಂದ ಎನ್ನುವುದು ಬರೀ ಕಾಕತಾಳೀಯ. ಆದರೂ ಹೇಳದೆ ಇರಲು ಮನಸ್ಸು ಬರುವುದಿಲ್ಲ.

ಉಳಿದ ಆರಂಭಗಳೂ ಹೀಗೇ, ಬದಿಯ ಕಾಲುದಾರಿಗಳು. ಮಂತ್ರಿಯ ಕಡೆಯ ಕುದುರೆಯನ್ನು ಮೊದಲ ನಡೆಗೇ ಸಿ6ಕ್ಕೆ ಹಾರಿಸುವುದು ಅವನಿಗೆ ಇಷ್ಟ. ಎದುರಾಳಿ ಇ4 ಇಟ್ಟರೂ ಅದೇ, ಡಿ4 ಇಟ್ಟರೂ ಅದೇ. ಸಿ ಕಾಲಾಳಿನ ದಾರಿಗೆ ಕುದುರೆ ಅಡ್ಡ ನಿಲ್ಲಬಾರದು ಎಂದು ಶಾಸ್ತ್ರ. ಇವನು ಆ ಕುದುರೆಯನ್ನು ಅಲ್ಲೇ ಕಟ್ಟಿ, ಎದುರಾಳಿಯ ನಡುಗಾಲಾಳನ್ನು ಮುಂದೆ ಮುಂದೆ ಬರಲು ಬಿಟ್ಟು, ಅದು ದಣಿದಾಗ ಹಿಡಿಯುತ್ತಿದ್ದ. ಇನ್ನು ಬಿ6. ಒಂಟೆಯನ್ನು ಬಿ7ರಲ್ಲಿ ಇಟ್ಟರೆ ಅಲ್ಲಿಂದ ಹಲಗೆಯ ಇನ್ನೊಂದು ಮೂಲೆಯವರೆಗೂ ದೃಷ್ಟಿ. ಬಿಳಿಯಲ್ಲಿ ಆಡುವಾಗಲೂ ಅಷ್ಟೇ. ಕ್ವೀನ್ಸ್ ಇಂಡಿಯನ್ ಡಿಫೆನ್ಸ್‌ನಲ್ಲಿ ನಾಲ್ಕನೆಯ ನಡೆಗೆ ಒಂಟೆಯನ್ನು ಎಫ್4ಕ್ಕೆ ತರುವ ಕ್ರಮಕ್ಕೆ ಇವತ್ತಿಗೂ ಮೈಲ್ಸ್ ವೇರಿಯೇಷನ್ ಎಂದೇ ಹೆಸರು. ಅದರಲ್ಲಿ ಚಮತ್ಕಾರವೇನೂ ಇಲ್ಲ. ಇ3 ಕಾಲಾಳು ಬಾಗಿಲು ಹಾಕಿಕೊಳ್ಳುವ ಮುಂಚೆ ಒಂಟೆಯನ್ನು ಅಂಗಳಕ್ಕೆ ಬಿಡು, ಅಷ್ಟೇ. ಮನೆಯೊಳಗೆ ಸಿಕ್ಕಿಹಾಕಿಕೊಂಡ ಒಂಟೆಯ ಸಂಕಟ ಬಲ್ಲವರಿಗೆ ಅದರ ಸೊಗಸು ಗೊತ್ತಾಗುತ್ತದೆ.

ವಿಚಿತ್ರವನ್ನು ವಿಚಿತ್ರಕ್ಕಾಗಿಯೇ ಆಡುವವರನ್ನು ಮೈಲ್ಸ್ ಸಹಿಸುತ್ತಿರಲಿಲ್ಲ. ವಾಡಿಕೆಯಲ್ಲಿಲ್ಲದ ಆರಂಭಗಳ ಬಗ್ಗೆ ಬಂದ ಪುಸ್ತಕವೊಂದಕ್ಕೆ ಅವನು ಬರೆದ ವಿಮರ್ಶೆ ಎರಡೇ ಪದಗಳದ್ದು, ಎರಡೂ ಸೇರಿ ಒಂದು ಬೈಗುಳ. ಆ ವಿಷಯದಲ್ಲಿ ಅವನಿಗಿಂತ ಬಲ್ಲವರು ಯಾರಿದ್ದರು? ಕಾಡುದಾರಿಯಲ್ಲಿ ನಡೆದವನಿಗೇ ಅಲ್ಲಿಯ ಮುಳ್ಳು ಗೊತ್ತು. ಪರೀಕ್ಷಿಸದೆ, ಆಡಿ ನೋಡದೆ, ಇದೊಂದು ಮಜಾ ಎಂದು ಪಟ್ಟಿ ಕೊಡುವುದು ಅವನಿಗೆ ಸುಳ್ಳಿನಂತೆ ಕಂಡಿರಬೇಕು. ಸ್ಕಾರಾದ ಎ6 ನಡೆಯನ್ನು ತಮಾಷೆ ಎಂದು ಬರೆಯುವವರು ಇವತ್ತಿಗೂ ಇದ್ದಾರೆ. ಅದು ತಮಾಷೆಯಲ್ಲ. ಹಲಗೆಯನ್ನು ನೋಡಿದರೆ ತಿಳಿಯುತ್ತದೆ.

ಹಲಗೆಗೇ ಹೋಗೋಣ. ಬಿ5 ಆದಮೇಲೆ ಕರಿಯ ಒಂಟೆ ಬಿ7ಕ್ಕೆ ಬರುತ್ತದೆ, ಬಂದ ಕೂಡಲೇ ಇ4ರ ಕಾಲಾಳಿನ ಮೇಲೆ ಕಣ್ಣು. ಕಾರ್ಪೋವ್ ಅದನ್ನು ಕಾಯಲು ತನ್ನ ಒಂಟೆಯನ್ನು ಡಿ3ಕ್ಕೆ ತರುತ್ತಾನೆ. ಕರಿಯ ಕುದುರೆ ಎಫ್6ಕ್ಕೆ ಬಂದು ಅದೇ ಕಾಲಾಳನ್ನು ಮತ್ತೆ ತಿವಿಯುತ್ತದೆ. ಮಂತ್ರಿಯೂ ಇ2ಕ್ಕೆ ಬಂದು ಕಾವಲು ನಿಲ್ಲಬೇಕಾಗುತ್ತದೆ. ಆರನೆಯ ನಡೆಗೆ ಕಾರ್ಪೋವ್ ಎ4 ಇಟ್ಟು ಬಿ5ರ ಕಾಲಾಳನ್ನು ಕೆಣಕುತ್ತಾನೆ. ಮೈಲ್ಸ್ ಅದನ್ನು ಕಾಯುವುದಿಲ್ಲ, ಸಿ5 ತಳ್ಳಿ ನಡುವನ್ನೇ ಒಡೆಯುತ್ತಾನೆ. ಎಂಟನೆಯ ನಡೆಗೆ ಬಿ ಕಾಲಾಳು ಇನ್ನೂ ಒಂದು ಮನೆ ಮುಂದೆ, ಬಿ4ಕ್ಕೆ. ಒಂಬತ್ತನೆಯ ನಡೆಗೆ ಕಾರ್ಪೋವನ ಇ ಕಾಲಾಳು ಇ5ಕ್ಕೆ ಏರುತ್ತದೆ. ಕರಿಯ ಕುದುರೆ ಡಿ5ಕ್ಕೆ ಹಾರಿ ನಟ್ಟನಡುವೆ ಕೂರುತ್ತದೆ. ಹನ್ನೊಂದನೆಯ ನಡೆಯ ಹೊತ್ತಿಗೆ ಆಟಕ್ಕೆ ಹೊಸಬನೊಬ್ಬ ಬಾಗಿಲು ತೆಗೆದು ಒಳಗೆ ಬಂದಿದ್ದರೆ ಅವನಿಗೆ ನಗುವಂಥದ್ದೇನೂ ಕಾಣುತ್ತಿರಲಿಲ್ಲ. ಕರಿಯ ಕುದುರೆ ಒಂಟೆಗಳೆಲ್ಲ ಹೊರಗೆ, ಎಲ್ಲವೂ ಸಹಜವಾದ ಮನೆಗಳಲ್ಲಿ. ವಿಶ್ವ ಚಾಂಪಿಯನ್ನನಿಗೆ ಬಿಳಿಯ ಕಾಯಿಗಳಿಂದ ಸಿಗಬೇಕಿದ್ದ ಮೇಲುಗೈ ಎಲ್ಲೋ ಸೋರಿಹೋಗಿತ್ತು.

ಹದಿಮೂರನೆಯ ನಡೆಗೆ ಬಿ ಕಾಲಾಳಿನ ಆಯುಸ್ಸು ಮುಗಿಯಿತು. ಕಾರ್ಪೋವ್ ಸಿ4 ತಳ್ಳಿದ, ಅದು ಹಾದುಹೋಗುವಾಗಲೇ ಮೈಲ್ಸನ ಕಾಲಾಳು ಓರೆಯಾಗಿ ಬಂದು ಅದನ್ನು ತಿಂದಿತು, ಬಿಳಿಯ ಕುದುರೆ ಇದನ್ನು ತಿಂದಿತು. ಜನ ನಕ್ಕಿದ್ದ ಜೋಡಿಯಲ್ಲಿ ಒಂದು ಹೋಯಿತು. ಅಂಚಿನದು ಅಲ್ಲೇ ಇತ್ತು, ಎ6ರಲ್ಲಿ.

ಇನ್ನೊಂದು ಚಿತ್ರವನ್ನು ಇಲ್ಲೇ ಸೇರಿಸಬೇಕು. ಆ ಪಂದ್ಯಾವಳಿಯಲ್ಲಿ ಸೋವಿಯತ್ ತಂಡದ ಮೀಸಲು ಆಟಗಾರರಲ್ಲಿ 16 ವರ್ಷದ ಹುಡುಗನೊಬ್ಬನಿದ್ದ, ಬಾಕುವಿನವನು, ದೇಶದ ತಂಡಕ್ಕೆ ಅದೇ ಮೊದಲ ಸಲ ಆಯ್ಕೆಯಾದವನು: ಗ್ಯಾರಿ ಕಾಸ್ಪರೋವ್. ಆರು ವರ್ಷದ ನಂತರ ಬಾಸೆಲ್‌ನಲ್ಲಿ ಆ ಹುಡುಗ, ಆಗ ವಿಶ್ವ ಚಾಂಪಿಯನ್, ಮೈಲ್ಸ್ ಜೊತೆ ಆರು ಆಟದ ಪ್ರದರ್ಶನ ಪಂದ್ಯ ಆಡಿ ಐದೂವರೆ–ಅರ್ಧ ಅಂಕದಿಂದ ಗೆದ್ದ. ಮೈಲ್ಸ್‌ಗೆ ಸಿಕ್ಕಿದ್ದು ಒಂದೇ ಒಂದು ಡ್ರಾ. ಎದುರಿಗೆ ಕೂತಿದ್ದು ಮನುಷ್ಯನಲ್ಲ, ಮೈತುಂಬ ಕಣ್ಣಿರುವ ರಾಕ್ಷಸ ಎಂಬ ಅರ್ಥದ ಮಾತನ್ನು ಅವನು ಆಮೇಲೆ ಹೇಳಿದ. ಸೋತವನ ಬಾಯಲ್ಲಿ ಗೆದ್ದವನಿಗೆ ಅಷ್ಟು ದೊಡ್ಡ ಹೊಗಳಿಕೆಯನ್ನು ನಾನು ಬೇರೆ ಕಡೆ ಕೇಳಿಲ್ಲ.

ಆದರೆ ಬಾಸೆಲ್‌ಗೆ ಮುಂಚೆ ಟಿಲ್ಬರ್ಗ್ ಇದೆ. ನೆದರ್ಲೆಂಡ್ಸಿನ ದಕ್ಷಿಣದ ಈ ಊರಿನಲ್ಲಿ ಇಂಟರ್‌ಪೋಲಿಸ್ ಎಂಬ ವಿಮಾ ಕಂಪನಿ ಪ್ರತಿ ವರ್ಷ ಜಗತ್ತಿನ ಅತಿ ಬಲಿಷ್ಠ ಪಂದ್ಯಾವಳಿಗಳಲ್ಲೊಂದನ್ನು ನಡೆಸುತ್ತಿತ್ತು. 1984ರಲ್ಲಿ ಮೈಲ್ಸ್ ಅದನ್ನು ಒಬ್ಬನೇ ಗೆದ್ದ, ಯಾರ ಜೊತೆಯೂ ಹಂಚಿಕೊಳ್ಳದೆ. ಮರುವರ್ಷ ಅಲ್ಲಿಗೆ ಮತ್ತೆ ಬಂದಾಗ ಬೆನ್ನು ಕೈಕೊಟ್ಟಿತು. ಕುರ್ಚಿಯಲ್ಲಿ ಕೂರುವುದೇ ಆಗದು. ಚೆಸ್ ಆಟಗಾರನಿಗೆ ಬೆನ್ನು ಎಂದರೆ ಏನೆಂದು ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ; ಐದು ಗಂಟೆ ಒಂದೇ ಭಂಗಿಯಲ್ಲಿ ಬಾಗಿ ಕೂತು, ಏಳುವಾಗ ಸೊಂಟ ಹಿಡಿದುಕೊಳ್ಳುವುದು ನನ್ನಂಥ ಕ್ಲಬ್ ಆಟಗಾರರಿಗೂ ಗೊತ್ತು. ಬೇರೆಯವರಾಗಿದ್ದರೆ ಪಂದ್ಯಾವಳಿ ಬಿಟ್ಟು ಮನೆಗೆ ಹೋಗುತ್ತಿದ್ದರು. ಮೈಲ್ಸ್ ಒಂದು ಮಸಾಜ್ ಮೇಜು ತರಿಸಿಕೊಂಡ.

ಆ ಫೋಟೋ ನೋಡಿದವರು ಮರೆಯುವುದಿಲ್ಲ. ಜಗತ್ತಿನ ದೊಡ್ಡ ದೊಡ್ಡ ಆಟಗಾರರು ಕೂತ ಸಭಾಂಗಣದಲ್ಲಿ, ಆಸ್ಪತ್ರೆಯಿಂದ ತಂದಂತಿರುವ ಎತ್ತರದ ಮೇಜಿನ ಮೇಲೆ, ಬೋರಲು ಮಲಗಿದ ಒಬ್ಬ ಗಡ್ಡದ ದಢೂತಿ ಮನುಷ್ಯ. ತಲೆ ಹಲಗೆಯ ಕಡೆಗೆ ಚಾಚಿದೆ. ಕೈ ಮುಂದೆ ಬಂದು ಕಾಯಿ ಎತ್ತುತ್ತದೆ. ಎದುರಾಳಿ ನೆಟ್ಟಗೆ ಕುರ್ಚಿಯಲ್ಲಿ. ಏಕಾಗ್ರತೆ ಕೆಡುತ್ತದೆಂದು ಎದುರಾಳಿಗಳಲ್ಲಿ ಹಲವರು ದೂರಿದರು. ಅವರ ದೂರೂ ಸುಳ್ಳಲ್ಲ. ಮೈಲ್ಸ್ ಮಲಗಿಯೇ ಆಡಿದ, ಮಲಗಿಯೇ ಗೆದ್ದ. ಪಂದ್ಯಾವಳಿ ಮುಗಿದಾಗ ಹ್ಯೂಬ್ನರ್, ಕೊರ್ಚ್‌ನಾಯ್ ಮತ್ತು ಮೈಲ್ಸ್ ಮೂವರೂ ಮೊದಲ ಸ್ಥಾನ ಹಂಚಿಕೊಂಡರು. ಹಲಗೆಯನ್ನು ಆ ಕೋನದಿಂದ, ಕಾಯಿಗಳ ಎತ್ತರಕ್ಕೇ ಕಣ್ಣಿಟ್ಟು ನೋಡುವುದು ಹೇಗಿರುತ್ತದೆಂದು ನಾನೊಮ್ಮೆ ಮಂಚದ ಮೇಲೆ ಮಲಗಿ, ಹಲಗೆಯನ್ನು ಸ್ಟೂಲಿನ ಮೇಲಿಟ್ಟು ಪರೀಕ್ಷಿಸಿದೆ. ಮುಂದಿನ ಸಾಲಿನ ಕಾಲಾಳುಗಳು ಕಾಡಿನ ಹಾಗೆ ಅಡ್ಡ ನಿಲ್ಲುತ್ತವೆ. ಅವುಗಳ ಹಿಂದೆ ಏನಿದೆಯೆಂದು ಕಾಣುವುದಿಲ್ಲ, ನೆನಪಿಟ್ಟುಕೊಂಡೇ ಆಡಬೇಕು.

ಎಂಬತ್ತರ ದಶಕದಲ್ಲಿ ಇಂಗ್ಲೆಂಡ್ ತಂಡ 1984, 1986, 1988ರ ಮೂರು ಒಲಿಂಪಿಯಾಡ್‌ಗಳಲ್ಲಿ ಸತತವಾಗಿ ಬೆಳ್ಳಿ ಗೆದ್ದಿತು. ನನ್, ಸ್ಪೀಲ್ಮನ್, ಚಾಂಡ್ಲರ್, ಶಾರ್ಟ್: ಎಂಟು ಹತ್ತು ವರ್ಷದ ಹಿಂದೆ ಒಬ್ಬ ಗ್ರ್ಯಾಂಡ್‌ಮಾಸ್ಟರೂ ಇಲ್ಲದ ದೇಶಕ್ಕೆ ಸೋವಿಯತ್ತರ ನಂತರದ ಜಾಗ. ಮೊದಲು ಬಾಗಿಲು ಒದ್ದವನು ಮೈಲ್ಸ್. ಆದರೆ ಬಾಗಿಲು ತೆರೆದಮೇಲೆ ಒಳಗೆ ಬಂದ ನೈಜೆಲ್ ಶಾರ್ಟ್ ಎಂಬ ಹುಡುಗನ ಮೇಲೆ ಎಲ್ಲರ ಕಣ್ಣು ಹೋಯಿತು. ಇದೂ ಸಹಜ. ಮೈಲ್ಸ್‌ಗೆ ಅದು ಸಹಜವಾಗಿ ಕಂಡಿರಲಾರದು. 1987ರಲ್ಲಿ ಅವನ ಮನಸ್ಸು ಮುರಿಯಿತು, ಆಸ್ಪತ್ರೆ ಸೇರಬೇಕಾಯಿತು. ಯಾರದು ಎಷ್ಟು ತಪ್ಪು, ಯಾವ ಜಗಳ ಎಲ್ಲಿಂದ ಶುರುವಾಯಿತು ಎಂದು ತೂಗಲು ನಾನು ಹೋಗುವುದಿಲ್ಲ. ಅಷ್ಟು ವರ್ಷ ಒಬ್ಬನೇ, ಪುಸ್ತಕದ ಆಸರೆಯನ್ನೂ ಬೇಡವೆಂದು, ಪ್ರತಿ ಆಟದ ಮೂರನೆಯ ನಡೆಯಿಂದಲೇ ತನ್ನ ತಲೆಯನ್ನಷ್ಟೇ ನಂಬಿ ಆಡಿದವನಿಗೆ ಆ ತಲೆಯೇ ಕೈಬಿಟ್ಟ ತಿಂಗಳುಗಳು ಹೇಗಿದ್ದವೋ ಎಂದು ಮಾತ್ರ ಯೋಚಿಸುತ್ತೇನೆ.

ಆಮೇಲೆ ಅಮೆರಿಕಕ್ಕೆ ಹೋದ, ಆ ದೇಶದ ಪರವಾಗಿ ಆಡಿದ. ಅಲ್ಲಿ ಊರಲಿಲ್ಲ. ಜರ್ಮನಿಯಲ್ಲಿ ಕೆಲಕಾಲ ಇದ್ದ, ಅಲ್ಲಿಯ ಚೆಸ್ ಲೀಗ್ ಬುಂಡೆಸ್‌ಲೀಗಾದಲ್ಲಿ ಆಡಿದ. ಕೊನೆಗೆ ಇಂಗ್ಲೆಂಡಿಗೇ ಮರಳಿದ. ಕ್ಯೂಬಾದ ಕ್ಯಾಪಬ್ಲಾಂಕಾ ಸ್ಮಾರಕ ಪಂದ್ಯಾವಳಿಯನ್ನು ತೊಂಬತ್ತರ ದಶಕದಲ್ಲಿ ಒಂದಕ್ಕಿಂತ ಹೆಚ್ಚು ಸಲ ಗೆದ್ದ. 1995ರಲ್ಲಿ ಲಂಡನ್ನಿನ ವೇಗದ ಚೆಸ್ ಪಂದ್ಯಾವಳಿಯಲ್ಲಿ, ಮುಂದೆ ವಿಶ್ವ ಚಾಂಪಿಯನ್ ಆಗಲಿದ್ದ ವ್ಲಾದಿಮಿರ್ ಕ್ರಾಮ್ನಿಕ್‌ನನ್ನು ಮೊದಲ ಸುತ್ತಿನಲ್ಲೇ ಹೊರಗೆ ಕಳಿಸಿದ. ಆಗ ಅವನಿಗೆ ನಲವತ್ತು. ಊರೂರಿನ ಓಪನ್ ಪಂದ್ಯಾವಳಿಗಳು, ಸಂಜೆಯ ಹೊತ್ತು ಬ್ರಿಡ್ಜ್, ಚೆಸ್ ಬರಹ. ಸಿ6ಕ್ಕೆ ಕುದುರೆ ಹಾರಿಸುವುದನ್ನು ಬಿಡಲಿಲ್ಲ.

ಮಧುಮೇಹವಿತ್ತು. 2001ರ ಬ್ರಿಟಿಷ್ ಚಾಂಪಿಯನ್‌ಷಿಪ್‌ನಿಂದ ಅನಾರೋಗ್ಯದ ಕಾರಣಕ್ಕೆ ಕೊನೆಯ ಸುತ್ತಿಗೆ ಮುಂಚೆ ಹಿಂದೆ ಸರಿದ. ಅದೇ ವರ್ಷ ನವೆಂಬರ್ 12ರಂದು, ಬರ್ಮಿಂಗ್‌ಹ್ಯಾಮ್‌ನ ಹಾರ್ಬೋರ್ನ್‌ನಲ್ಲಿರುವ ತನ್ನ ಮನೆಯಲ್ಲಿ ಹೃದಯ ನಿಂತು ತೀರಿಕೊಂಡ. 46 ವರ್ಷ. ಹುಟ್ಟಿದ ಎಜ್‌ಬಾಸ್ಟನ್ ಪಕ್ಕದ ಬಡಾವಣೆ. ಅವನು ಹೋದಮೇಲೆ ಅವನ ಆಟಗಳನ್ನೂ ಬರಹಗಳನ್ನೂ ಸೇರಿಸಿ ಒಂದು ಪುಸ್ತಕ ಬಂತು. ಅದರ ಹೆಸರು ‘ಇಟ್ಸ್ ಓನ್ಲಿ ಮಿ’, ಅಂದರೆ ‘ನಾನೇ, ಬೇರೆ ಯಾರೂ ಅಲ್ಲ’. ಕತ್ತಲಲ್ಲಿ ಬಾಗಿಲು ತಟ್ಟಿದವರು ಒಳಗಿನವರಿಗೆ ಹೇಳುವ ಮಾತು. ಟೋನಿ ಮೈಲ್ಸ್ ಎಂಬ ಹೆಸರಿನ ಒಂಬತ್ತು ಇಂಗ್ಲಿಷ್ ಅಕ್ಷರಗಳನ್ನು ಹಿಂದೆ ಮುಂದೆ ಮಾಡಿದರೆ ಇದೇ ವಾಕ್ಯವಾಗುತ್ತದೆ. ಒಂದಕ್ಷರವೂ ಉಳಿಯುವುದಿಲ್ಲ, ಒಂದೂ ಕಡಿಮೆ ಬೀಳುವುದಿಲ್ಲ.

ಸ್ಕಾರಾದ ಆಟವನ್ನು ಹದಿಮೂರನೆಯ ನಡೆಗೆ ಬಿಟ್ಟಿದ್ದೆವು.

ಹತ್ತೊಂಬತ್ತನೆಯ ನಡೆಗೆ ಕಾರ್ಪೋವ್ ತನ್ನ ಕುದುರೆಯನ್ನು ಜಿ5ಕ್ಕೆ ಹಾರಿಸಿ ಕರಿಯ ರಾಜನ ಮೇಲೆ ಏರಿಬಂದ. ಮೈಲ್ಸ್ ಎಚ್6 ಇಟ್ಟು ಕುದುರೆಯನ್ನು ಬೆದರಿಸಿದ. ಕಾರ್ಪೋವನ ಒಂಟೆ ಎಚ್7ರಲ್ಲಿ ಷಾ ಕೊಟ್ಟು, ರಾಜ ಮೂಲೆಗೆ ಸರಿದಮೇಲೆ, ಬಿ1ರ ತನಕ ಹಿಂದಕ್ಕೆ ಹೋಗಿ ಕೂತಿತು. ಕುದುರೆ ಹಾಗೇ ಕಾಲಾಳಿನ ಬಾಯಲ್ಲಿ. ಪುಕ್ಕಟೆ ಸಿಕ್ಕಂತೆ ಕಾಣುತ್ತದೆ. ತಿಂದರೆ ಬಿಳಿಯ ಮಂತ್ರಿ ಎಚ್5ಕ್ಕೆ ಬಂದು ಷಾ, ಮರುನಡೆಗೆ ಎಚ್7ರಲ್ಲಿ ಮೇಟ್. ಮೈಲ್ಸ್ ತಿನ್ನಲಿಲ್ಲ. ಒಂಟೆಯನ್ನು ಇ7ಕ್ಕೆ ತಂದ. ಕುದುರೆ ಇ4ಕ್ಕೆ ಹಿಂದಿರುಗಿತು, ಕಾರ್ಪೋವ್ ಮಂತ್ರಿಯನ್ನು ಡಿ3ಕ್ಕೆ ಇಟ್ಟ. ಈಗ ಬಿಳಿಯ ಒಂಟೆ, ಮಂತ್ರಿ, ಕುದುರೆ ಮೂರೂ ಒಂದೇ ಓರೆಗೆರೆಯಲ್ಲಿ, ಎಚ್7ರ ಕಡೆ ಗುರಿಯಿಟ್ಟು. ಕುದುರೆ ಎತ್ತ ಹಾರಿದರೂ ಹಿಂದಿನ ಬಾಣ ಬಿಡುಗಡೆ. ಸಾಮಾನ್ಯರು ಇಲ್ಲಿ ರಾಜನ ಕಡೆ ಓಡುತ್ತಾರೆ. ಮೈಲ್ಸ್ ಒಂದು ಜೋಡಿ ಆನೆಗಳನ್ನು ಬದಲಾಯಿಸಿಕೊಂಡು, ತನ್ನ ಮಂತ್ರಿಯಿಂದ ಬಿ2ರ ಕಾಲಾಳನ್ನು ತಿಂದ. ತಿಂದ ಮಂತ್ರಿ ಸಿ1ರ ಆನೆಯ ಮೇಲೂ ಬಿದ್ದಿತ್ತು. ಕಾರ್ಪೋವ್ ಆನೆಯನ್ನು ಸರಿಸಲೇಬೇಕಾಯಿತು. ಮರುನಡೆಗೆ ಅದೇ ಮಂತ್ರಿ ಇ5ರ ಕಾಲಾಳನ್ನೂ ತಿಂದಿತು, ಮೊದಲ ನಡೆಗೆ ಜೋಡೆತ್ತಿನಲ್ಲಿ ಒಂದಾಗಿ ಮುಂದೆ ಬಂದಿದ್ದ ಆ ಕಾಲಾಳನ್ನು. ಕಾರ್ಪೋವ್ ಡಿ7ರದನ್ನು ತಿಂದು ಒಂದನ್ನು ವಸೂಲು ಮಾಡಿದ, ಕರಿಯ ಎರಡೂ ಒಂಟೆಗಳ ಮೇಲೆ ಒಟ್ಟಿಗೆ ಕಣ್ಣಿಟ್ಟ. ಮೈಲ್ಸ್ ಒಂದನ್ನು ಬಿ4ಕ್ಕೆ ಸರಿಸಿ ಆನೆಗೆ ಗುರಿಯಿಟ್ಟ. ಎರಡು ನಡೆಯಲ್ಲಿ ಮಂತ್ರಿಗಳೂ ಹಲಗೆ ಬಿಟ್ಟವು.

ಅಲ್ಲಿಂದ ಮುಂದೆ ನಿಧಾನ. ಇದು ನನಗೆ ಈ ಆಟದ ಅತ್ಯಂತ ಸುಂದರ ಭಾಗ, ಯಾರೂ ಇದನ್ನು ಅಷ್ಟು ಹೊಗಳುವುದಿಲ್ಲ. ಕೊನೆಯಾಟದಲ್ಲಿ ಕಾರ್ಪೋವನಿಗೆ ಸಮನಾದವರು ಕಡಿಮೆ. ಅವನ ಎದುರು ಮೈಲ್ಸ್ ಒಂದು ಕಾಲಾಳು ಹೆಚ್ಚು ಇಟ್ಟುಕೊಂಡು, ಎರಡು ಒಂಟೆಗಳನ್ನು ಇಟ್ಟುಕೊಂಡು, ಆತುರವಿಲ್ಲದೆ ನಡೆದ. ರಾಜ ಗುಹೆಯಿಂದ ಹೊರಬಂದು ಎಫ್6ಕ್ಕೆ ಏರಿದ. ಒಂಟೆ ಇ5ರಲ್ಲಿ ಬೇರೂರಿತು. ಆನೆ ತೆರೆದ ಎಚ್ ಸಾಲಿಗೆ ಬಂದು, ಅಲ್ಲಿಂದ ಕೆಳಗಿಳಿದು ಶತ್ರುವಿನ ಮೊದಲ ಸಾಲಿನಲ್ಲಿ ಷಾ ಕೊಟ್ಟಿತು. ಈ ನಡುವೆ, ಮೂವತ್ತಮೂರನೆಯ ನಡೆಗೆ, ಕಣ್ಣಿಗೆ ಬೀಳದಂಥದ್ದೊಂದು ನಡೆಯಿತು. ಮೊದಲ ನಡೆಯಿಂದ ಎ6ರಲ್ಲೇ ನಿಂತಿದ್ದ ಆ ಅಂಚಿನ ಕಾಲಾಳು ಇನ್ನೊಂದು ಮನೆ ಮುಂದೆ ಹೋಯಿತು, ಎ5. ಎದುರಿಗೆ ಎ4ರಲ್ಲಿ ಬಿಳಿಯ ಕಾಲಾಳು. ಎರಡೂ ಮುಖಕ್ಕೆ ಮುಖ ಕೊಟ್ಟು ನಿಂತವು.

ನಲವತ್ತೈದನೆಯ ನಡೆಗೆ ಮೈಲ್ಸನ ಆನೆ ಜಿ3ರ ಕಾಲಾಳನ್ನು ತಿಂದಿತು. ಹಲಗೆಯ ಮೇಲೆ ಬಿಳಿಗೆ ಉಳಿದದ್ದು ಎ4ರದೊಂದೇ ಕಾಲಾಳು. ಕರಿಯವನಿಗೆ ಮೂರು: ಎಫ್7, ಇ6, ಎ5. ಕಾರ್ಪೋವ್ ಕೊನೆಯ ಆಸೆಯೆಂಬಂತೆ ತನ್ನ ಆನೆಯನ್ನು ಎ8ರ ಮೂಲೆಗೆ ಒಯ್ದು ಹಿಂದಿನಿಂದ ಆ ಅಂಚಿನ ಕಾಲಾಳಿಗೆ ಗುರಿಯಿಟ್ಟ. ಮೈಲ್ಸ್ ಇ5ರ ಒಂಟೆಯನ್ನು ಎತ್ತಿ ಓರೆಯಾಗಿ ಹಿಂದಕ್ಕೆ, ಸಿ7ರಲ್ಲಿ ಇಟ್ಟ. ಅಲ್ಲಿಂದ ಅದು ಎ5ನ್ನು ಕಾಯುತ್ತಿತ್ತು.

ಕಾರ್ಪೋವ್ ಆಟ ಬಿಟ್ಟುಕೊಟ್ಟ.